ಬೀಗದ ಕೈ ಸಿಕ್ಕಿತು, ಮನೆ ಎಲ್ಲಿದೆ?

ಈ ದೀಪಾವಳಿಗೆ ಅಕ್ಕನ ಮಗ ಬೆಂಗಳೂರಿನಿಂದ ಸಾಗರಕ್ಕೆ ಬಂದಾಗ ಬ್ಯಾಗಿನಲ್ಲಿ ಬಟ್ಟೆಗಿಂತ ಜೋಪಾನವಾಗಿ ಒಂದು ಕಪ್ಪು ಪೌಚ್ ಇಟ್ಟುಕೊಂಡು ತಂದಿದ್ದ. ಒಳಗಿದ್ದದ್ದು ನಿಂಟೆಂಡೊ ಸ್ವಿಚ್ 2. ಜಗಲಿಯ ಮೇಲೆ ಕೂತು, ಹಿಂದಿನ ಕಾಲು ಬಿಡಿಸಿ ಅದನ್ನು ನಿಲ್ಲಿಸಿದ. ಎರಡು ಬದಿಗೆ ಅಯಸ್ಕಾಂತದಿಂದ ಅಂಟಿಕೊಂಡಿದ್ದ ಜಾಯ್-ಕಾನ್‌ಗಳನ್ನು ಗುಂಡಿ ಒತ್ತಿ ಕಿತ್ತು, ಒಂದನ್ನು ತಾನಿಟ್ಟುಕೊಂಡು ಇನ್ನೊಂದನ್ನು ನನ್ನ ಮಗಳ ಕೈಗೆ ಕೊಟ್ಟ. ಮಾರಿಯೊ ಕಾರ್ಟ್ ವರ್ಲ್ಡ್ ಶುರುವಾಯಿತು. "ಭಾವ, ನನ್ನ ಗಾಡಿ ಯಾವುದು?" ಎಂದು ಕೇಳುತ್ತಿದ್ದವಳು ಹತ್ತೇ ನಿಮಿಷದಲ್ಲಿ ಅವನನ್ನು ಹಿಂದೆ ಹಾಕಿದ್ದಳು. ನಡುವೆ ಕರೆಂಟು ಹೋಗಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಆಟ ಮುಗಿದ ಮೇಲೆ ಕಾರ್ಡನ್ನು ತೆಗೆದು ನನ್ನ ಅಂಗೈಯಲ್ಲಿಟ್ಟ. ಅಂಚೆ ಚೀಟಿಯಷ್ಟೇ ಇರುವ ಕೆಂಪು ಚೂರು. "ನಾಲಿಗೆಗೆ ಒಂಚೂರು ತಾಗಿಸಿ ನೋಡಿ ಮಾವ" ಎಂದ. ಬೇವಿಗಿಂತ ಕಹಿ. ಮಕ್ಕಳು ನುಂಗಬಾರದೆಂದು ಡೆನಟೋನಿಯಂ ಬೆಂಜೊಯೇಟ್ ಎಂಬ ಕಹಿ ರಾಸಾಯನಿಕವನ್ನು ಲೇಪಿಸಿರುತ್ತಾರಂತೆ. ಆಟ ಆಡುವ ಮನೆಯಲ್ಲಿ ಎರಡು ವರ್ಷದ ಕೂಸೂ ಇರುತ್ತದೆ ಎಂದು ಯೋಚಿಸಿದವರ ಮೇಲೆ ನನಗೆ ಗೌರವ ಹುಟ್ಟಿತು. ಮುಂದೆ ಹೇಳುವುದನ್ನು ಆ ಗೌರವ ಇಟ್ಟುಕೊಂಡೇ ಹೇಳುತ್ತಿದ್ದೇನೆ.

ಸ್ವಿಚ್ 2 ಬಿಡುಗಡೆಯಾದದ್ದು 2025ರ ಜೂನ್ 5ರಂದು. ಮೊದಲ ನಾಲ್ಕೇ ದಿನದಲ್ಲಿ 35 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು, ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಒಂದು ಕೋಟಿ ದಾಟಿತು. ಇದರ ಗುಣದೋಷದ ಬಗ್ಗೆ ಜಗಳವೂ ಅಷ್ಟೇ ಜೋರಾಗಿದೆ. ಅಳಿಯನ ಆಫೀಸಿನಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಇದೇ ಮಾತಂತೆ. ಹಳೆಯ ಸ್ವಿಚ್‌ನ 2021ರ ಓಎಲ್‌ಇಡಿ ಮಾದರಿಯಲ್ಲಿ ಕಪ್ಪು ಎಂದರೆ ಕಾಡಿಗೆ ಕಪ್ಪು, ಹೊಸದರ 7.9 ಇಂಚಿನ ಎಲ್‌ಸಿಡಿ ಪರದೆಯಲ್ಲಿ ಅದು ಬೂದು ಎಂದು ಒಬ್ಬ. ಆದರೆ ಚಿತ್ರ ಎಷ್ಟು ನಯವಾಗಿ ಓಡುತ್ತದೆ ನೋಡು, ಸೆಕೆಂಡಿಗೆ 120 ಸಲ ಬದಲಾಗುವ ಪರದೆ ಎಂದು ಇನ್ನೊಬ್ಬ. ಮೂರನೆಯವನಿಗೆ ದುಡ್ಡಿನ ಚಿಂತೆ. 2017ರಲ್ಲಿ ಮೊದಲ ಸ್ವಿಚ್ 300 ಡಾಲರಿಗೆ ಬಂದಿತ್ತು, ಇದು ಅಮೆರಿಕದಲ್ಲಿ 450 ಡಾಲರಿಗೆ ಬಂತು, ಮಾರಿಯೊ ಕಾರ್ಟ್ ಒಂದಕ್ಕೇ 80 ಡಾಲರ್. ಬ್ಯಾಟರಿ ಎರಡರಿಂದ ಆರೂವರೆ ಗಂಟೆ ಎಂದು ಕಂಪನಿಯೇ ಹೇಳುತ್ತದೆ. ಭಾರೀ ಆಟ ಹಾಕಿದರೆ ಸಾಗರದಿಂದ ಹೊರಟ ಬಸ್ಸು ತುಮಕೂರು ಮುಟ್ಟುವ ಮೊದಲೇ ಮುಗಿಯುತ್ತದೆ. ಭಾರತದಲ್ಲಿ ನಿಂಟೆಂಡೊ ಅಧಿಕೃತವಾಗಿ ಮಾರುವುದಿಲ್ಲವಾದ್ದರಿಂದ ಇಲ್ಲಿಯ ಬೆಲೆ ತರಿಸುವ ಅಂಗಡಿಯವರು ಹೇಳಿದ್ದು. ಜಪಾನಿಗೆ ಹೋದವರ ಕೈಲಿ ತರಿಸುವವರು ಒಂದು ನೆನಪಿಡಬೇಕು: ಅಲ್ಲಿ 2025ರಲ್ಲಿ 49,980 ಯೆನ್‌ಗೆ ಬಂದ ಅಗ್ಗದ ಮಾದರಿ ಜಪಾನಿ ಭಾಷೆ ಬಿಟ್ಟು ಬೇರೇನೂ ಮಾತಾಡುವುದಿಲ್ಲ.

ಪರದೆ, ಚಿಪ್ಪಿನ ಈ ಲೆಕ್ಕ ತಪ್ಪೇನಲ್ಲ. ಆದರೆ ಕೈಯಲ್ಲಿ ಹಿಡಿದು ಆಡುವ ಯಂತ್ರದ ಚರಿತ್ರೆಯಲ್ಲಿ ಗೆದ್ದದ್ದು ಯಾವತ್ತೂ ಆ ಲೆಕ್ಕದಿಂದಲ್ಲ. ಇದೇ ಕಂಪನಿಯ ಗುನ್‌ಪೆ ಯೊಕೊಯಿ 1989ರಲ್ಲಿ ಗೇಮ್ ಬಾಯ್ ಮಾಡಿದಾಗ ಅದಕ್ಕೆ ಬಣ್ಣವಿರಲಿಲ್ಲ, ಪರದೆಯ ಹಿಂದೆ ದೀಪವಿರಲಿಲ್ಲ, ಹಸಿರು ಮಿಶ್ರಿತ ನಾಲ್ಕು ಛಾಯೆ ಅಷ್ಟೆ. ಹಳೆಯದಾಗಿ ಅಗ್ಗವಾದ, ಎಲ್ಲರಿಗೂ ಪಳಗಿದ ತಂತ್ರಜ್ಞಾನವನ್ನು ಹೊಸ ಬಗೆಯಲ್ಲಿ ಬಳಸಬೇಕು ಎಂಬುದು ಯೊಕೊಯಿ ನಂಬಿಕೆ. ಮರುವರ್ಷ ಬಂದ ಸೆಗಾ ಗೇಮ್ ಗಿಯರ್‌ಗೆ ಬಣ್ಣವೂ ಇತ್ತು, ಬೆಳಕೂ ಇತ್ತು. ಆರು ಸೆಲ್ ನುಂಗಿ ನಾಲ್ಕೈದು ಗಂಟೆಯಲ್ಲಿ ಮಲಗುತ್ತಿತ್ತು. ಗೇಮ್ ಬಾಯ್ ನಾಲ್ಕು ಸೆಲ್ಲಿನಲ್ಲಿ ಹದಿನೈದು ಗಂಟೆಗೆ ಕಡಿಮೆಯಿಲ್ಲದೆ ನಡೆಯುತ್ತಿತ್ತು. ಅದೂ ಅದರ ಬಣ್ಣದ ತಮ್ಮನೂ ಸೇರಿ 11 ಕೋಟಿ 86 ಲಕ್ಷದಷ್ಟು ಮಾರಾಟವಾದವು. ನಮ್ಮಲ್ಲಿಗೆ ಗೇಮ್ ಬಾಯ್ ಬರಲಿಲ್ಲ, ಅದರ ಬಡ ನೆಂಟ ಬಂದ. ಮಾರಿಕಾಂಬಾ ಜಾತ್ರೆಯ ಅಂಗಡಿಸಾಲಿನಲ್ಲಿ ಕೊಂಡ ಬ್ರಿಕ್ ಗೇಮ್ ಅದು. ಮೇಲೆ '9999 ಇನ್ 1' ಎಂದು ಬರೆದಿತ್ತು. ಓಣಿಯ ಹುಡುಗರೆಲ್ಲ ಸರದಿಯಲ್ಲಿ ಆಡಿದ್ದೇವೆ. ಒಬ್ಬ ಔಟಾದರೆ ಇನ್ನೊಬ್ಬನ ಕೈಗೆ. ಒಂದು ರಾತ್ರಿ ಅದು ನಮ್ಮ ಮನೆಯಲ್ಲಿ, ಮರುರಾತ್ರಿ ಎದುರುಮನೆಯಲ್ಲಿ.

ಕೈ ದಾಟಿಸುವ ಈ ಗುಣ ಸ್ವಿಚ್ 2ರಲ್ಲೂ ಇದೆ, ಜಗಲಿಯ ಮೇಲೆ ಕಣ್ಣಾರೆ ಕಂಡೆ. ಅದಕ್ಕೇ ಅದರ ಜೊತೆ ಬಂದ ಒಂದು ಹೊಸ ಪದ್ಧತಿ ನನಗೆ ಒಪ್ಪಿಗೆಯಾಗುತ್ತಿಲ್ಲ. ಅದರ ಹೆಸರು ಗೇಮ್-ಕೀ ಕಾರ್ಡ್. ನೋಡಲು ಅದೇ ಕೆಂಪು ಚೂರು, ಅದೇ ಪೆಟ್ಟಿಗೆ, ಬೆಲೆಯೂ ಪೂರ್ತಿ ಆಟದ್ದೇ. ಒಳಗೆ ಮಾತ್ರ ಆಟ ಇರುವುದಿಲ್ಲ, ಬೀಗದ ಕೈ ಇರುತ್ತದೆ. ಯಂತ್ರಕ್ಕೆ ಹಾಕಿದ ಕೂಡಲೇ ಅದು ಇಂಟರ್‌ನೆಟ್ ಹುಡುಕಿ, ಕಂಪನಿಯ ಸರ್ವರ್‌ನಿಂದ ಆಟವನ್ನು ಇಳಿಸಿಕೊಳ್ಳಬೇಕು. ಆಮೇಲೆ ಇಂಟರ್‌ನೆಟ್ ಬೇಕಿಲ್ಲ, ಆದರೆ ಪ್ರತಿ ಸಲ ಕಾರ್ಡ್ ಯಂತ್ರದಲ್ಲೇ ಇರಬೇಕು. ಇಳಿಸಿದ ಆಟ ಯಂತ್ರದ 256 ಜಿಬಿ ಜಾಗವನ್ನು ತಿನ್ನುತ್ತದೆ; ಜಾಗ ಸಾಲದಿದ್ದರೆ ಮೈಕ್ರೋ ಎಸ್‌ಡಿ ಎಕ್ಸ್‌ಪ್ರೆಸ್ ಎಂಬ ಹೊಸ ಬಗೆಯ ದುಬಾರಿ ಮೆಮೊರಿ ಕಾರ್ಡ್ ಕೊಳ್ಳಬೇಕು, ಮನೆಯಲ್ಲಿರುವ ಹಳೆಯದರಲ್ಲಿ ಆಟ ಇಡಲಾಗದು. ಎಮ್ಮೆ ನೀರೊಳಗಿರುವಾಗ ದಡದಲ್ಲಿ ವ್ಯಾಪಾರ ಮುಗಿಸಿದ ಹಾಗೆ.

ತಯಾರಕರ ಕಡೆಯ ಮಾತೂ ಕೇಳಬೇಕು. ಪ್ಲೇಸ್ಟೇಷನ್ನಿನ ಡಿಸ್ಕ್ ಅಚ್ಚುಹಾಕಲು ತಗಲುವ ಖರ್ಚು ಅಲ್ಪ. ದೊಡ್ಡ ಆಟ ಹಿಡಿಸುವ ಚಿಪ್ಪಿನ ಖರ್ಚು ಹಾಗಲ್ಲ. ಸ್ಟಾರ್ ವಾರ್ಸ್ ಔಟ್‌ಲಾಸ್ ಮಾಡಿದ ತಂಡದ ಒಬ್ಬರು ಇನ್ನೊಂದು ಕಾರಣ ಹೇಳಿದರು: ಕಾರ್ಡಿನಿಂದ ಮಾಹಿತಿ ಓದುವ ವೇಗ ಯಂತ್ರದೊಳಗಿನ ಮೆಮೊರಿಗಿಂತ ಕಡಿಮೆ, ತಮ್ಮ ಆಟದ ವಿಶಾಲ ಲೋಕ ಆ ವೇಗಕ್ಕೆ ಹೊಂದುವುದಿಲ್ಲ ಎಂದು. ಒಪ್ಪಬೇಕಾದ ಮಾತೇ. ಬರೀ ಡೌನ್‌ಲೋಡ್ ಮಾಡಿದ ಆಟಕ್ಕಿಂತ ಇದು ಒಂದು ಕೈ ಮೇಲು ಎಂಬುದನ್ನೂ ಒಪ್ಪುತ್ತೇನೆ, ಏಕೆಂದರೆ ಈ ಕಾರ್ಡನ್ನು ಗೆಳೆಯನಿಗೆ ಕೊಡಬಹುದು, ಮಾರಲೂಬಹುದು. ಆದರೆ ಸೈಬರ್‌ಪಂಕ್ 2077ರಂಥ ದೈತ್ಯ ಆಟವನ್ನು ಅದರ ತಯಾರಕರು 64 ಜಿಬಿ ಕಾರ್ಡಿನಲ್ಲಿ ಇಡಿಯಾಗಿ ತುಂಬಿಸಿಕೊಟ್ಟಿದ್ದಾರೆ. ನಿಂಟೆಂಡೊ ತನ್ನದೇ ಮಾರಿಯೊ ಕಾರ್ಟನ್ನೂ ಡಾಂಕಿ ಕಾಂಗ್ ಬನಾನ್ಜಾವನ್ನೂ ಕಾರ್ಡಿನಲ್ಲೇ ಕೊಟ್ಟಿದೆ. ಹಳೆಯ ಸಣ್ಣ ಆಟದ ಮರುಮುದ್ರಣ ಬ್ರೇವ್ಲಿ ಡಿಫಾಲ್ಟ್ ಮಾತ್ರ ಬೀಗದ ಕೈ ಆಗಿ ಬಂತು. ವೇಗದ ಕಾರಣ ಅದಕ್ಕೆ ಹೇಗೆ ಅನ್ವಯಿಸುತ್ತದೆ?

ಸರ್ವರ್ ಇರುವ ತನಕ ಚಿಂತೆ ಯಾಕೆ ಎಂದು ಅಳಿಯ ಕೇಳಿದ. "ಈಗ ಎಲ್ಲವೂ ಡೌನ್‌ಲೋಡೇ ಮಾವ. ವಾಲ್ವ್ ಕಂಪನಿಯ ಸ್ಟೀಮ್ ಡೆಕ್‌ನಲ್ಲಿ ಆಟದ ಕಾರ್ಡ್ ಹಾಕುವ ಜಾಗವೇ ಇಲ್ಲ, ಜನ ಅದನ್ನು ಹೊಗಳುತ್ತಾರೆ." ನಿಜ. ಆದರೆ ಸ್ಟೀಮ್ ಡೆಕ್ ಕಾರ್ಡ್ ಕೊಡುತ್ತೇನೆ ಎಂದು ಹೇಳಿಲ್ಲ, ಅದನ್ನು ಕೊಳ್ಳುವವನು ತಿಳಿದೇ ಕೊಳ್ಳುತ್ತಾನೆ. ಸರ್ವರ್‌ಗೂ ಆಯಸ್ಸಿದೆ. ಇದೇ ನಿಂಟೆಂಡೊ 3ಡಿಎಸ್ ಎಂಬ ಕೈಯಂತ್ರದ ಆನ್‌ಲೈನ್ ಅಂಗಡಿಯನ್ನು 2023ರ ಮಾರ್ಚ್ 27ರಂದು ಮುಚ್ಚಿತು, 2024ರ ಏಪ್ರಿಲ್‌ನಲ್ಲಿ ಅದರ ಆನ್‌ಲೈನ್ ಆಟವನ್ನೂ ನಿಲ್ಲಿಸಿತು. ಆಗಲೇ ಕೊಂಡವರು ಮತ್ತೆ ಇಳಿಸಿಕೊಳ್ಳುವ ಬಾಗಿಲನ್ನು ಸದ್ಯಕ್ಕೆ ತೆರೆದಿಟ್ಟಿದೆ. ಆ ಬಾಗಿಲು ಮುಚ್ಚಿದ ದಿನ 3ಡಿಎಸ್‌ನ ಹಳೆಯ ಕಾರ್ಡುಗಳು ಎಂದಿನಂತೆ ಓಡುತ್ತವೆ. ಗೇಮ್-ಕೀ ಕಾರ್ಡಿಗೆ ಅಂಥ ದಿನ ಬಂದರೆ ಕೈಯಲ್ಲಿ ಉಳಿಯುವುದು ಕಹಿ ಪ್ಲಾಸ್ಟಿಕ್ಕು.

ಜಪಾನಿನ ರಾಷ್ಟ್ರೀಯ ಗ್ರಂಥಾಲಯ ನ್ಯಾಷನಲ್ ಡಯಟ್ ಲೈಬ್ರರಿ 2000ದಿಂದ ಪುಸ್ತಕದಂತೆ ವಿಡಿಯೋ ಗೇಮುಗಳನ್ನೂ ಸಂಗ್ರಹಿಸಿ ಕಾಪಾಡುತ್ತಿದೆ. ಗೇಮ್-ಕೀ ಕಾರ್ಡುಗಳನ್ನು ತೆಗೆದುಕೊಳ್ಳುತ್ತೀರಾ ಎಂದು ಕೇಳಿದಾಗ, ಆ ಕಾರ್ಡಿನಲ್ಲಿ ಕೃತಿಯೇ ಇಲ್ಲದ ಕಾರಣ ಅದು ತಮ್ಮ ಸಂಗ್ರಹದ ವ್ಯಾಪ್ತಿಗೆ ಬರುವುದಿಲ್ಲ ಎಂದು ಗ್ರಂಥಾಲಯ ಉತ್ತರಿಸಿತು. ಈ ಸುದ್ದಿ ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಅಮೆರಿಕದಲ್ಲಿ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿ, ಅಲ್ಲಿ ಬಂದ ಹಳೆಯ ಆಟಗಳ ಪೈಕಿ ಶೇ 87ರಷ್ಟು ಈಗ ಅಂಗಡಿಯಲ್ಲಿ ಸಿಗುತ್ತಿಲ್ಲ ಎಂದಿತ್ತು. ಹಾಗೆ ಸಿಗದ ಆಟಗಳೂ ಯಾರದೋ ಅಟ್ಟದ ಮೇಲಿನ ಕಾರ್ಟ್ರಿಜ್‌ನಲ್ಲಿ ಬದುಕಿವೆ. ಮುಂದಿನವು ಅಟ್ಟದಲ್ಲೂ ಇರುವುದಿಲ್ಲ.

ಕನ್ನಡಿಗರಿಗೆ ಈ ನೋವನ್ನು ವಿವರಿಸಬೇಕಾಗಿಲ್ಲ. ನಮ್ಮ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ನಾಗೇಂದ್ರರಾಯರ ರಾವಣ. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಸುಬ್ಬಯ್ಯ ನಾಯ್ಡು ಅವರ ದನಿ ಆ ಚಿತ್ರದಲ್ಲಿ ಹೇಗಿತ್ತು ಎಂದು ಕೇಳುವ ದಾರಿ ನಮಗಿಲ್ಲ. ಆ ಕಾಲದವರಿಗೆ ಮುಂದಾಲೋಚನೆ ಇರಲಿಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದು. ಹೊಸ ಕಲೆ, ಯಾರಿಗೂ ಗೊತ್ತಿರಲಿಲ್ಲ. 1889ರಲ್ಲಿ ಕ್ಯೋಟೊದಲ್ಲಿ ಹೂವಿನ ಚಿತ್ರದ ಹನಾಫುಡಾ ಎಲೆಗಳನ್ನು ಮಾಡುತ್ತ ಹುಟ್ಟಿದ ಕಂಪನಿಗೆ ಆ ಸಮಾಧಾನ ಹೊಂದುವುದಿಲ್ಲ. ಎಲೆ ಕೈಯಲ್ಲಿದ್ದರೆ ಆಟ ಕೈಯಲ್ಲಿದೆ ಎಂಬ ಭರವಸೆಯನ್ನೇ ಅದು ಮಾರಿಕೊಂಡು ಬಂದಿದ್ದು.

ನಾನು ಕೇಳುವುದು ದೊಡ್ಡದೇನಲ್ಲ. ಸಣ್ಣ ಆಟಗಳನ್ನು ಕಾರ್ಡಿನಲ್ಲೇ ಕೊಡಲಿ. ದೊಡ್ಡವಕ್ಕೆ ಕಾರ್ಡಿನ ಖರ್ಚಿನಲ್ಲಿ ನಿಂಟೆಂಡೊ ಪಾಲು ಹೊರಲಿ. ಬೀಗದ ಕೈ ಕೊಡಲೇಬೇಕೆಂದರೆ ಬೆಲೆ ಇಳಿಸಲಿ, ಮತ್ತು ಸರ್ವರ್ ಇಷ್ಟು ವರ್ಷ ಇರುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆಯಲಿ. ಔಷಧದ ಪಟ್ಟಿಗೆ ಅವಧಿ ಮುದ್ರಿಸುವುದಿಲ್ಲವೇ? ಯಂತ್ರ ಕೊಳ್ಳಬೇಕೇ ಎಂದು ಕೇಳಿದರೆ, ಇಬ್ಬರು ಮಕ್ಕಳಿರುವ ಮನೆಗೆ ಕೊಳ್ಳಿ ಎನ್ನುತ್ತೇನೆ. ಆಟ ಕೊಳ್ಳುವಾಗ ಪೆಟ್ಟಿಗೆಯ ಮುಂಭಾಗದ ಕೆಳತುದಿ ನೋಡಿ. ಅಲ್ಲಿ ಕೀಲಿಯ ಚಿತ್ರವಿರುವ ಬಿಳಿ ಪಟ್ಟಿ ಇದ್ದರೆ ಒಳಗೆ ಆಟ ಇಲ್ಲ.

ಇದನ್ನೆಲ್ಲ ಅಳಿಯನಿಗೂ ಹೇಳಿ ಕಳಿಸಿದ್ದೆ. ಅವನ ರೂಮಿನಲ್ಲಿ ಮೂವರು, ಯಂತ್ರ ಎರಡು, ಕಾರ್ಡುಗಳು ಮೂವರ ನಡುವೆ ಓಡಾಡುತ್ತವೆ. ಅವನಿಗೆ ಬಹಳ ದಿನದಿಂದ ಆಸೆಯಿದ್ದದ್ದು ಸ್ಟ್ರೀಟ್ ಫೈಟರ್ 6, ಅದು ಪೆಟ್ಟಿಗೆಯಲ್ಲಿ ಬಂದಿರುವುದೇ ಗೇಮ್-ಕೀ ಕಾರ್ಡಾಗಿ. ಮೊನ್ನೆ ಶನಿವಾರ ಅಂಗಡಿಯಿಂದ ಫೋಟೊ ಕಳಿಸಿದ. ಪೆಟ್ಟಿಗೆಯ ಕೆಳಗಿನ ಬಿಳಿ ಪಟ್ಟಿ ಚೆನ್ನಾಗಿ ಕಾಣುತ್ತಿತ್ತು. "ಇದೇ ಬೇಕಿತ್ತು ಮಾವ, ಪೂರ್ತಿ ಆಟವಿರುವ ಕಾರ್ಡೇ ಇಲ್ಲವಲ್ಲ" ಎಂದು ಬರೆದಿದ್ದ. ರಾತ್ರಿ ಇನ್ನೊಂದು ಫೋಟೊ ಬಂತು. ಮೂವರೂ ಮಂಚದ ಮೇಲೆ ಕೂತು ಪರದೆ ನೋಡುತ್ತಿದ್ದರು, ಡೌನ್‌ಲೋಡ್ ಶೇ 4ರಲ್ಲಿತ್ತು.