ಮಹಾಮಾರಿಯೂ ಅಧಿಕಾರದ ಅವಧಿಯೂ

1897ರ ಸಾಂಕ್ರಾಮಿಕ ರೋಗಗಳ ಕಾಯದೆಯು ಇಂದಿನ ಕಾಲಕ್ಕೆ ಸಾಲದು, ಅದನ್ನು ತಿದ್ದಬೇಕು ಇಲ್ಲವೆ ಹೊಸದನ್ನು ರಚಿಸಬೇಕು ಎಂದು ಭಾರತದ ಕಾನೂನು ಆಯೋಗವು 2024ರ ಫೆಬ್ರುವರಿಯಲ್ಲಿ ಸರಕಾರಕ್ಕೆ ವರದಿಯನ್ನೊಪ್ಪಿಸಿತು. ಈ ಅಭಿಪ್ರಾಯವನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ಹೊಸ ಕಾಯದೆಯೆಂದೊಡನೆ ಅಧಿಕಾರಿವರ್ಗದ ಲಕ್ಷ್ಯವು ಹೊಸ ಅಧಿಕಾರಗಳ ಕಡೆಗೆ ಹರಿಯುವುದು ವಾಡಿಕೆ. ಪ್ರಜೆಗಳಾದವರು ಕೇಳಬೇಕಾದ ಪ್ರಶ್ನೆ ಬೇರೆ: ಕೊಟ್ಟ ಅಧಿಕಾರಕ್ಕೆ ಅವಧಿಯೆಷ್ಟು? ಅದರ ಲೆಕ್ಕ ಕೇಳುವವರಾರು?

ಆ ಹಳೆಯ ಕಾಯದೆ ಹುಟ್ಟಿದ ಬಗೆಯನ್ನು ವಾಚಕರು ಬಲ್ಲರು. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಮರುವರ್ಷದ ಫೆಬ್ರುವರಿಯಲ್ಲಿ ಪರಕೀಯ ಸರಕಾರವು ನಾಲ್ಕೇ ಕಲಮುಗಳ ಕಾಯದೆಯೊಂದನ್ನು ಜಾರಿಗೆ ತಂದಿತು. ಅವಶ್ಯವೆಂದು ತೋರಿದ ನಿಯಮವನ್ನು ಸರಕಾರ ಮಾಡಬಹುದು, ಮೀರಿದವನಿಗೆ ಶಿಕ್ಷೆ, ಸದ್ಭಾವನೆಯಿಂದ ನಡೆದ ಅಧಿಕಾರಿಯ ಮೇಲೆ ದಾವೆಯಿಲ್ಲ. ಅವಧಿಯ ಮಾತು ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಪುಣೆಯಲ್ಲಿ ಸೋಲ್ಜರರು ಮನೆಮನೆ ಹೊಕ್ಕು ಶೋಧಿಸಿದರು. ಜನಕ್ಷೋಭೆ ಹೆಚ್ಚಿ, 1897ರ ಜೂನ್ 22ರಂದು ಪ್ಲೇಗಿನ ಅಧಿಕಾರಿ ರ್‍ಯಾಂಡನ ಮೇಲೆ ಗುಂಡು ಹಾರಿತು. ತಮ್ಮ ಪತ್ರಿಕೆಯ ಲೇಖನಗಳಿಗಾಗಿ ಲೋಕಮಾನ್ಯ ತಿಲಕರು ರಾಜದ್ರೋಹದ ಆರೋಪ ಹೊತ್ತು 18 ತಿಂಗಳ ಕಾರಾಗೃಹವಾಸಕ್ಕೆ ಗುರಿಯಾದರು. ಸ್ವರಾಜ್ಯ ಬಂದು 72 ವರ್ಷಗಳು ಕಳೆದ ಮೇಲೆ, 2020ರ ಮಾರ್ಚಿಯಲ್ಲಿ ಕೋವಿಡ್ ಬಂದಾಗ ನಮ್ಮ ರಾಜ್ಯಸರಕಾರಗಳು ಮೊದಲು ಕೈಗೆತ್ತಿಕೊಂಡದ್ದು ಅದೇ ಆಯುಧವನ್ನು!

ಮಾರ್ಚಿ 23ರಂದು ಸಂಸತ್ತನ್ನು ಅನಿರ್ದಿಷ್ಟ ಕಾಲ ಮುಂದೂಡಲಾಯಿತು. ಮರುದಿನ ರಾತ್ರಿ 8 ಗಂಟೆಗೆ ಪ್ರಧಾನಿಗಳ ಭಾಷಣ. ನಡುರಾತ್ರಿಯಿಂದ ದೇಶಕ್ಕೆ ದೇಶವೇ 21 ದಿನ ಬಾಗಿಲು ಮುಚ್ಚಿತು. 2005ರ ವಿಪತ್ತು ನಿರ್ವಹಣಾ ಕಾಯದೆಯ ಮೇರೆಗೆ ಹೊರಟ ಆಜ್ಞೆಗಳು 2022ರ ಮಾರ್ಚಿ 31ರ ವರೆಗೆ ನಡೆದುವು. ಸಂಸತ್ತು ಪುನಃ ಕೂಡಿದ್ದು 2020ರ ಸೆಪ್ಟೆಂಬರ 14ರಂದು, ಅದೂ ಪ್ರಶ್ನೋತ್ತರದ ವೇಳೆಯನ್ನು ಬಿಟ್ಟುಕೊಟ್ಟು. ಆ ವರ್ಷ ಚಳಿಗಾಲದ ಅಧಿವೇಶನವೇ ನಡೆಯಲಿಲ್ಲ. ರೋಗವು ಶೀಘ್ರಗಾಮಿ, ಸರಕಾರವೂ ಶೀಘ್ರವಾಗಿ ನಡೆಯಬೇಕಾಯಿತು ಎಂಬುದನ್ನು ನಾವು ಒಪ್ಪುತ್ತೇವೆ. ಆದರೆ ಮೊದಲ ವಾರದ ಅವಸರವನ್ನು ಎರಡು ವರ್ಷಗಳ ಮೌನಕ್ಕೆ ನೆವವಾಗಿ ಒಡ್ಡುವುದು ನ್ಯಾಯವೇ?

ಇದೊಂದು ಯುದ್ಧ, ಯುದ್ಧಕಾಲದಲ್ಲಿ ಪ್ರಶ್ನೆ ಕೇಳಲಾಗದು ಎಂದವರುಂಟು. ಭಾರತಯುದ್ಧವು 18 ದಿನಗಳಲ್ಲಿ ಮುಗಿಯಿತು, ಇದನ್ನು 21 ದಿನಗಳಲ್ಲಿ ಗೆಲ್ಲುವ ಯತ್ನ ನಮ್ಮದು ಎಂಬ ಅರ್ಥದ ಹೋಲಿಕೆಯು ಪ್ರಧಾನಿಗಳ ಬಾಯಿಂದಲೇ ಬಂದಿತು. ಒಳ್ಳೆಯದು, ಯುದ್ಧದ ನಿಯಮವನ್ನೇ ನೋಡೋಣ. ನಮ್ಮ ಸಂವಿಧಾನದ 352ನೆಯ ವಿಧಿಯಂತೆ, ನಿಜವಾದ ಯುದ್ಧಕ್ಕಾಗಿ ತುರ್ತು ಪರಿಸ್ಥಿತಿಯನ್ನು ಸಾರಿದರೂ ಒಂದು ತಿಂಗಳೊಳಗೆ ಸಂಸತ್ತಿನ ಸಮ್ಮತಿ ಬೇಕು. ಆರಾರು ತಿಂಗಳಿಗೊಮ್ಮೆ ಆ ಸಮ್ಮತಿಯನ್ನು ಹೊಸದಾಗಿ ಪಡೆಯಬೇಕು. ಶತ್ರುವು ಗಡಿಯಲ್ಲಿ ನಿಂತಾಗಲೂ ಲೆಕ್ಕ ಒಪ್ಪಿಸಬೇಕಾದ ಸರಕಾರವು ರೋಗವು ಬೀದಿಗೆ ಬಂದಾಗ ಒಪ್ಪಿಸಬೇಕಾಗಿಲ್ಲವೆಂದರೆ, ಅದಾವ ತರ್ಕ?

ಕೇಳುವವರಿಲ್ಲದ ಅಧಿಕಾರವು ಎತ್ತ ಹರಿಯುವುದೆಂಬುದಕ್ಕೆ ನಿದರ್ಶನಗಳು ದೂರವಿಲ್ಲ. ಯುದ್ಧ, ಪರರ ಆಕ್ರಮಣ, ಆಂತರಿಕ ಕ್ಷೋಭೆಗಳಿಂದ ದೇಶದ ಭದ್ರತೆಗೆ ಕುತ್ತು ಬಂದಾಗ ಮಾತ್ರ ಬಳಸತಕ್ಕ ಕಲಮೊಂದು ಕಾರ್ಖಾನೆಗಳ ಕಾಯದೆಯಲ್ಲಿತ್ತು. ಗುಜರಾತ ಸರಕಾರವು ಅದನ್ನೇ ಹಿಡಿದು ಕಾರ್ಮಿಕರ ದುಡಿಮೆಯನ್ನು ದಿನಕ್ಕೆ 12 ಗಂಟೆಗೆ ಏರಿಸಿ, ಹೆಚ್ಚಿನ ವೇಳೆಗೆ ಸಲ್ಲಬೇಕಾದ ಇಮ್ಮಡಿ ವೇತನವನ್ನೂ ತಪ್ಪಿಸಿತು. ಮಹಾಮಾರಿಯು ಆ ಬಗೆಯ ತುರ್ತು ಪರಿಸ್ಥಿತಿಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರ ಅಕ್ಟೋಬರ 1ರಂದು ಆ ಆಜ್ಞೆಯನ್ನು ರದ್ದುಗೊಳಿಸಿತು. ನಮ್ಮ ಕರ್ನಾಟಕದಲ್ಲಿಯೂ ಆ ಮೇ ತಿಂಗಳಲ್ಲಿ ದಿನಕ್ಕೆ 10 ಗಂಟೆಯ ದುಡಿಮೆಯ ಆಜ್ಞೆ ಹೊರಟು, ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನೆಯೆದ್ದ ಮೇಲೆ ಹಿಂದೆ ಸರಿಯಿತು. ಅದೇ ತಿಂಗಳು, ಕಟ್ಟಡಗಳನ್ನು ಕಟ್ಟಿಸುವ ಉದ್ಯಮಿಗಳು ಮುಖ್ಯಮಂತ್ರಿಗಳನ್ನು ಕಂಡ ಬೆನ್ನಲ್ಲಿಯೇ, ಹುಟ್ಟೂರಿಗೆ ಹೊರಟ ಕೂಲಿಕಾರರ ರೈಲುಗಳು ಬೇಡವೆಂದು ನಮ್ಮ ಸರಕಾರವು ಕೇಳಿಕೊಂಡಿತು. ಲೋಕಾಪವಾದವೆದ್ದ ಮೇಲೆ ಮತ್ತೆ ಬಿಡಿಸಿತು. ಉರಿಯುವ ಮನೆಯಿಂದ ಗಳ ಹಿರಿಯುವುದೆಂದರೆ ಇದೇ ಅಲ್ಲವೇ?

ವ್ಯಾಪಾರದ ನೀತಿಯಲ್ಲಿಯೂ ಇದೇ ಚಂಚಲತೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧಿಯ ರಫ್ತನ್ನು 2020ರ ಮಾರ್ಚಿ 25ರಂದು ನಿಷೇಧಿಸಿ, ಏಪ್ರಿಲ್ ಮೊದಲಲ್ಲಿ ಬಿಗಿಗೊಳಿಸಿ, ಅಮೆರಿಕದ ಅಧ್ಯಕ್ಷರು ಪ್ರತೀಕಾರದ ಮಾತೆತ್ತಿದ ಮರುದಿನವೇ ಸಡಿಲಿಸಲಾಯಿತು. 2021ರ ಜನವರಿಯಿಂದ ಲಸಿಕೆಯು ಮಿತ್ರದೇಶಗಳಿಗೆ ಹೊರಟಿತು. ನಿಷೇಧವಿಲ್ಲವೆಂದು ಸರಕಾರ ಹೇಳುತ್ತಿರುವಾಗಲೇ ಮಾರ್ಚಿಯ ಕೊನೆಗೆ ಸಾಗಣೆ ಕುಗ್ಗಿತು. ತನ್ನ ಮಕ್ಕಳಿಗೆ ಮೊದಲು ಉಣಬಡಿಸಿದ ತಾಯಿಯನ್ನು ಯಾರೂ ನಿಂದಿಸರು. ಆದರೆ ಮನೆಯಲ್ಲೆಷ್ಟಿದೆ, ನೆರೆಯವರಿಗೆ ಕೊಟ್ಟ ಮಾತೇನು ಎಂಬುದನ್ನು ಮನೆಮಂದಿಗೆ ತಿಳಿಸಬಾರದೇಕೆ? ಲಸಿಕೆ ಔಷಧಿಗಳ ಮೇಲಿನ ಪೇಟೆಂಟ್ ಮೊದಲಾದ ಹಕ್ಕುಗಳನ್ನು ಸಡಿಲಿಸಬೇಕೆಂದು 2020ರ ಅಕ್ಟೋಬರದಲ್ಲಿ ದಕ್ಷಿಣ ಆಫ್ರಿಕದೊಡನೆ ವಿಶ್ವ ವ್ಯಾಪಾರ ಸಂಸ್ಥೆಯೆದುರು ಧೈರ್ಯವಾಗಿ ನಿಂತ ರಾಷ್ಟ್ರ ನಮ್ಮದು. ಜಗತ್ತಿನಿಂದ ನ್ಯಾಯವಾದ ನಿಯಮವನ್ನು ಕೇಳುವವರು ಮನೆಯೊಳಗೂ ನಿಯಮಕ್ಕೆ ಕಟ್ಟುಬೀಳಬೇಕು.

ಲೆಕ್ಕವಿಲ್ಲದ ಅಧಿಕಾರಕ್ಕೆ ಬೆಲೆ ತೆತ್ತವರು ಯಾರು? 2021ರ ಮೇ 2ರ ರಾತ್ರಿಯಿಂದ ಮರುಬೆಳಗಿನೊಳಗೆ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕದ ಅಭಾವದ ನಡುವೆ 24 ರೋಗಿಗಳು ಅಸುನೀಗಿದರು. ರಾಜ್ಯಗಳಿಗೆ ಆಮ್ಲಜನಕವನ್ನು ಹಂಚುವ ಅಧಿಕಾರ ದಿಲ್ಲಿಯ ಕೈಯಲ್ಲಿ; ಜಿಲ್ಲೆಗಳಿಗೆ ಮುಟ್ಟಿಸುವ ಹೊಣೆ ಬೆಂಗಳೂರಿನದು; ಉಸಿರು ಕಟ್ಟಿದ್ದು ಬಡವರದು. ದಿನಕ್ಕೆ 1,200 ಟನ್ ಕೊಡಬೇಕೆಂದು ನಮ್ಮ ಉಚ್ಚ ನ್ಯಾಯಾಲಯವು ಆಜ್ಞಾಪಿಸಿದಾಗ, ಕೇಂದ್ರ ಸರಕಾರವು ಅದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿಯೂ ಆ ಆಜ್ಞೆಯೇ ನಿಂತಿತು. ಅದೇ ವಾರ ನಮ್ಮ ನೌಕಾಸೇನೆಯ ತಲ್ವಾರ್ ಹಡಗು ಬಹರೇನಿನಿಂದ ದ್ರವ ಆಮ್ಲಜನಕವನ್ನು ಹೊತ್ತು ಮಂಗಳೂರಿಗೆ ಬಂದಿತು. ದೇಶರಕ್ಷಣೆಯ ಬಲವು ಪ್ರಜೆಯ ಪ್ರಾಣರಕ್ಷಣೆಗೆ ಒದಗಿದ ಆ ದೃಶ್ಯಕ್ಕೆ ನಾವು ತಲೆಬಾಗುತ್ತೇವೆ. ಅಧಿಕಾರವಿರುವುದು ಇಂಥ ಕೆಲಸಕ್ಕೆ.

ಸಂಕಟಕಾಲದಲ್ಲಿ ಅವಧಿಯನ್ನು ಕಟ್ಟಿಕೊಂಡು ಆಳುವುದು ಅಸಾಧ್ಯವೆಂಬ ಮಾತು ನಿಲ್ಲದು. ನಮ್ಮಲ್ಲಿ ಬಾಗಿಲು ಮುಚ್ಚಿದ ಮೊದಲ ದಿನವೇ, 2020ರ ಮಾರ್ಚಿ 25ರಂದು, ಬ್ರಿಟನ್ನಿನ ಕೊರೋನಾ ಕಾಯದೆಗೆ ಅಂಕಿತ ಬಿದ್ದಿತು. ಅದರ ತಾತ್ಕಾಲಿಕ ಅಧಿಕಾರಗಳಿಗೆ ಆಯುಷ್ಯ ಎರಡು ವರ್ಷ. ಆರು ತಿಂಗಳಿಗೊಮ್ಮೆ ಕಾಮನ್ಸ್ ಸಭೆಯ ಮತ ಬೇಕಿತ್ತು. ಹಿಂದೆ ನಮಗೆ ಲೆಕ್ಕವಿಲ್ಲದ ಕಾಯದೆಯನ್ನು ಹೇರಿದವರೇ ತಮ್ಮ ಪ್ರಜೆಗಳಿಗೆ ಲೆಕ್ಕದ ಕಾಯದೆಯನ್ನು ಮಾಡಿಕೊಂಡರು. ನಾವು ಅವರ ಹಳೆಯದನ್ನೇ ಹಿಡಿದು ಕೂಡಬೇಕೇ?

ಆದುದರಿಂದ ಹೊಸ ಕಾಯದೆಯಲ್ಲಿ ಮೂರು ಮಾತುಗಳು ಇರತಕ್ಕದ್ದು. ಪ್ರತಿಯೊಂದು ಅಸಾಧಾರಣ ಆಜ್ಞೆಗೂ ಕಾರಣವನ್ನೂ ಮುಕ್ತಾಯದ ದಿನವನ್ನೂ ಬರೆದು ಪ್ರಕಟಿಸಬೇಕು. ಒಂದು ತಿಂಗಳೊಳಗೆ ಸಂಸತ್ತು ಇಲ್ಲವೆ ಶಾಸನಸಭೆ ಕೂಡಿ ಅದನ್ನು ಒಪ್ಪಬೇಕು ಅಥವಾ ತಳ್ಳಬೇಕು. ಔಷಧಿ, ಲಸಿಕೆ, ಆಮ್ಲಜನಕಗಳ ದಾಸ್ತಾನು, ಹಂಚಿಕೆ, ರಫ್ತುಗಳ ಲೆಕ್ಕವನ್ನು ವಾರವಾರವೂ ಸಾರ್ವಜನಿಕರ ಮುಂದಿಡಬೇಕು. ಮುಂದಿನ ಮಹಾಮಾರಿ ಮುಹೂರ್ತ ನೋಡಿ ಬರುವುದಿಲ್ಲ. ಅದು ಬಾಗಿಲು ತಟ್ಟುವ ಮೊದಲೇ ನಮ್ಮ ಪ್ರತಿನಿಧಿಗಳು ಈ ಕೆಲಸವನ್ನು ಮಾಡಿ ಮುಗಿಸಲಿ; ಮಾಡದಿದ್ದರೆ ಮತ ಕೇಳಲು ಬಂದಾಗ ಪ್ರಜೆಗಳು ಅವರನ್ನು ಕೇಳಲಿ.