ಕಾಯೋದೇ ಒಂದು ಕೆಲಸ ಆಗಿಬಿಟ್ರೆ

ಏಳನೇ ಸೆಮಿಸ್ಟರ್ ಶುರುವಾದ ಕೂಡಲೇ ಹಾಸ್ಟೆಲ್‌ನಲ್ಲಿ ಮಾತಿನ ವಿಷಯವೇ ಬದಲಾಗುತ್ತೆ. ಅಲ್ಲಿವರೆಗೂ ಕ್ರಿಕೆಟ್ಟು, ಸಿನಿಮಾ, ಮೆಸ್ಸಿನ ನೀರು ಸಾಂಬಾರು. ಆಮೇಲೆ ಒಂದೇ ಪ್ರಶ್ನೆ: "ಪ್ಲೇಸ್ ಆಯ್ತಾ?" ಹಬ್ಬಕ್ಕೆ ಊರಿಗೆ ಹೋದ್ರೂ ತಪ್ಪಿಸಿಕೊಳ್ಳೋಕಾಗಲ್ಲ, ಪಕ್ಕದ ಮನೆ ಅಜ್ಜಿಗೂ ಈಗ 'ಪ್ಯಾಕೇಜ್' ಅನ್ನೋ ಪದ ಗೊತ್ತು.

ನಮ್ಮಣ್ಣ ಸಿವಿಲ್ ಇಂಜಿನಿಯರ್, 2019ರಲ್ಲಿ ಪಾಸಾದವನು. ಒಂದು ವರ್ಷ ಸೈಟ್‌ನಲ್ಲಿ ಗುತ್ತಿಗೆ ಕೆಲಸ ಮಾಡಿದ. ಲಾಕ್‌ಡೌನ್ ಬಂತು, ಕೆಲಸ ಹೋಯ್ತು. ಅವತ್ತಿಂದ ಧಾರವಾಡದಲ್ಲಿ ರೂಮು ಮಾಡಿಕೊಂಡು ಸರ್ಕಾರಿ ಪರೀಕ್ಷೆಗೆ ಓದ್ತಾ ಇದ್ದಾನೆ. ಆ ರೂಮಲ್ಲಿ ನಾಲ್ಕು ಜನ, ನಾಲ್ವರೂ ಪದವೀಧರರು. ಬೆಳಿಗ್ಗೆ ಲೈಬ್ರರಿ, ಮಧ್ಯಾಹ್ನ ಖಾನಾವಳಿ, ಸಂಜೆ ಟೆಲಿಗ್ರಾಂನಲ್ಲಿ "ಅಧಿಸೂಚನೆ ಯಾವಾಗ" ಅನ್ನೋ ಚರ್ಚೆ. ಅವನು ಸೋಮಾರಿ ಅಲ್ಲ. ನನಗಿಂತ ಜಾಸ್ತಿ ಓದ್ತಾನೆ. ಆದರೆ ಇಷ್ಟು ವರ್ಷಗಳಲ್ಲಿ ಅವನು ಪರೀಕ್ಷೆ ಬರೆದ ದಿನಗಳನ್ನ ಎಣಿಸಿದ್ರೆ ಒಂದು ತಿಂಗಳೂ ಆಗಲ್ಲ. ಉಳಿದದ್ದೆಲ್ಲ ಕಾದಿದ್ದು.

ನಿರುದ್ಯೋಗ ಅಂದ್ರೆ ಓದದೇ ಇರೋರ ಸಮಸ್ಯೆ ಅಂದ್ಕೋತೀವಿ. ಅಂಕಿಅಂಶ ಉಲ್ಟಾ ಹೇಳುತ್ತೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಮಾನವ ಅಭಿವೃದ್ಧಿ ಸಂಸ್ಥೆ 2024ರಲ್ಲಿ ಹೊರತಂದ ಭಾರತ ಉದ್ಯೋಗ ವರದಿಯ ಪ್ರಕಾರ, 2022ರಲ್ಲಿ ಓದು ಬರಹ ಬಾರದ ಯುವಜನರಲ್ಲಿ ನಿರುದ್ಯೋಗ ಶೇ. 3.4, ಪದವೀಧರರಲ್ಲಿ ಶೇ. 29.1. ಕಾರಣ ಊಹಿಸೋದು ಕಷ್ಟ ಅಲ್ಲ. ಕೂಲಿ ಮಾಡೋ ಮನೆಯ ಹುಡುಗನಿಗೆ ಕಾಯೋ ಸೌಕರ್ಯ ಇಲ್ಲ, ಸಿಕ್ಕಿದ್ದು ಮಾಡ್ತಾನೆ. ಡಿಗ್ರಿ ಮಾಡಿಸಿದ ಮನೆ ಹೇಗೋ ಇನ್ನೆರಡು ವರ್ಷ ದುಡ್ಡು ಕಳಿಸುತ್ತೆ. ನಮ್ಮಪ್ಪ ಅದನ್ನೇ ಮಾಡ್ತಿರೋದು.

ಹಾಗಾದ್ರೆ ಸರ್ಕಾರ ಏನು ಮಾಡಬೇಕು? ದೊಡ್ಡ ಹೂಡಿಕೆದಾರರ ಸಮಾವೇಶ, ಹೊಸ ನೀತಿ, ಹೊಸ ಪೋರ್ಟಲ್, ಎಲ್ಲ ಇರಲಿ. ನನ್ನ ಪ್ರಕಾರ ಮೊದಲನೇ ಕೆಲಸ ತನ್ನದೇ ಖಾಲಿ ಹುದ್ದೆ ಹೇಳಿದ ದಿನಕ್ಕೆ ತುಂಬೋದು. ರಾಜ್ಯ ಸರ್ಕಾರದಲ್ಲಿ ಎರಡೂವರೆ ಲಕ್ಷಕ್ಕಿಂತ ಹೆಚ್ಚು ಹುದ್ದೆ ಖಾಲಿ ಇವೆ ಅಂತ ಸರ್ಕಾರವೇ ಹೇಳಿದೆ. ಇವು ಹೊಸದಾಗಿ ಸೃಷ್ಟಿಸಬೇಕಾದ ಉದ್ಯೋಗಗಳಲ್ಲ, ಮಂಜೂರಾಗಿ ಕೂತಿರೋವು.

545 ಪಿಎಸ್‌ಐ ಹುದ್ದೆಗಳ ಕಥೆ ನೆನಪಿರಬೇಕು. 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ, ಅಕ್ರಮ ಬಯಲಾಗಿ 2022ರಲ್ಲಿ ರದ್ದು, ಮರುಪರೀಕ್ಷೆ 2024ರ ಜನವರಿ 23ಕ್ಕೆ. ಪ್ರಾಮಾಣಿಕವಾಗಿ ಬರೆದವರ ಪಾಲಿಗೆ ಆ ಎರಡು ವರ್ಷ ಯಾರು ವಾಪಸ್ ಕೊಡ್ತಾರೆ? ಕೆಪಿಎಸ್‌ಸಿಯ 384 ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್ 27ಕ್ಕೆ ನಡೆದಾಗ ಕನ್ನಡ ಪ್ರಶ್ನೆಗಳ ಅನುವಾದ ಎಷ್ಟು ಹದಗೆಟ್ಟಿತ್ತಂದ್ರೆ, ಡಿಸೆಂಬರ್ 29ಕ್ಕೆ ಮತ್ತೆ ಪರೀಕ್ಷೆ ಮಾಡಬೇಕಾಯ್ತು. ಅದರಲ್ಲೂ ಅನುವಾದದ ತಪ್ಪುಗಳು! ಕರ್ನಾಟಕದಲ್ಲಿ, ಕನ್ನಡದಲ್ಲಿ ಪರೀಕ್ಷೆ ಬರೆದವರಿಗೆ ಪ್ರಶ್ನೆ ಅರ್ಥ ಆಗಲಿಲ್ಲ. ನಮ್ಮ ಕನ್ನಡ ಸಂಘ ರಾಜ್ಯೋತ್ಸವಕ್ಕೆ ಡೊಳ್ಳು ಕುಣಿತ ಮಾಡಿಸೋದರ ಜೊತೆಗೆ ಇದನ್ನೂ ಮಾತಾಡಬೇಕಲ್ವಾ?

ಆಮೇಲೆ 2024ರ ಅಕ್ಟೋಬರ್ ಕೊನೆಯಲ್ಲಿ ಒಳಮೀಸಲಾತಿ ತೀರ್ಮಾನ ಆಗೋವರೆಗೆ ಹೊಸ ಅಧಿಸೂಚನೆ ಬೇಡ ಅಂತಾಯ್ತು. ಒಳಮೀಸಲಾತಿ ನ್ಯಾಯವಾದ ಬೇಡಿಕೆ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಸಂಪುಟ ತೀರ್ಮಾನಕ್ಕೆ ಬಂದಿದ್ದು 2025ರ ಆಗಸ್ಟ್‌ನಲ್ಲಿ. ನ್ಯಾಯ ಮಾಡೋಕೆ ತಡವಾಗಿದ್ದಕ್ಕೆ ವಯಸ್ಸು ಕಳ್ಕೊಂಡಿದ್ದು ಮಾತ್ರ ಎಲ್ಲ ಜಾತಿಯ ಹುಡುಗ ಹುಡುಗಿಯರು. ಯುಪಿಎಸ್‌ಸಿ ಮುಂದಿನ ವರ್ಷದ ಪರೀಕ್ಷೆಗಳ ದಿನಾಂಕ ಮೊದಲೇ ಪ್ರಕಟಿಸಿ ಬಹುತೇಕ ಅದರಂತೆ ನಡೀತದೆ. ಅಂಥದ್ದೇ ಒಂದು ಕ್ಯಾಲೆಂಡರ್ ಕಾನೂನಿನಲ್ಲೇ ಬರಲಿ. ತಡವಾದ್ರೆ ಅಷ್ಟೇ ತಿಂಗಳು ವಯೋಮಿತಿ ತಾನಾಗೇ ಹೆಚ್ಚಾಗಲಿ. ಪ್ರತಿ ಸಲ ಬೀದಿಗಿಳಿದು ಬೇಡಿಕೊಳ್ಳೋ ಹಾಗಿರಬಾರದು.

ಯುವನಿಧಿ ಬಗ್ಗೆ ನಮ್ಮ ಕ್ಯಾಂಟೀನಲ್ಲಿ ಜಗಳ ಆಗಿತ್ತು. "ಬಿಟ್ಟಿ ದುಡ್ಡು" ಅಂದ ಒಬ್ಬ. ಪದವೀಧರರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500, ಗರಿಷ್ಠ ಎರಡು ವರ್ಷ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಸಿಕ್ಕಿತು. ಬಿಟ್ಟಿ ಅನ್ನೋದನ್ನ ನಾನು ಒಪ್ಪಲ್ಲ, ಅರ್ಜಿ ಶುಲ್ಕ, ಊಟ, ಬಸ್ ಚಾರ್ಜ್ ಲೆಕ್ಕ ಹಾಕಿದವರಿಗೆ 3000ದ ಬೆಲೆ ಗೊತ್ತು. (ಅಕ್ಕಂದಿರಿಗೆ ಶಕ್ತಿ ಯೋಜನೆ ಇದೆ, ಅಣ್ಣನಿಗೆ ಅದೂ ಇಲ್ಲ.) ನನ್ನ ತಕರಾರು ಬೇರೆ. ಯೋಜನೆ ಇರೋದು 2022-23 ಮತ್ತು ಆಮೇಲೆ ಪಾಸಾದವರಿಗೆ. ಕೋವಿಡ್ ಹೊಡೆತ ತಿಂದ ಬ್ಯಾಚುಗಳೇ ಹೊರಗುಳಿದ್ವು. ಇನ್ನೊಂದು, ದುಡ್ಡಿನ ಜೊತೆ ಕೆಲಸದ ದಾರಿ ಜೋಡಿಸಿಲ್ಲ. ಯುರೋಪಿಯನ್ ಒಕ್ಕೂಟ 2013ರಲ್ಲಿ ಯುವ ಖಾತರಿ ಅಂತ ತಂತು. ಓದು ಮುಗಿದ ಅಥವಾ ಕೆಲಸ ಹೋದ ನಾಲ್ಕು ತಿಂಗಳೊಳಗೆ ಕೆಲಸ, ಓದು, ಅಪ್ರೆಂಟಿಸ್‌ಶಿಪ್, ತರಬೇತಿ, ಇವುಗಳಲ್ಲಿ ಒಂದನ್ನಾದ್ರೂ ಯುವಜನರ ಮುಂದಿಡಬೇಕು ಅನ್ನೋದು ಅದರ ಗುರಿ. ಎಲ್ಲ ದೇಶಗಳಲ್ಲೂ ಸಲೀಸಾಗಿ ನಡೆದಿಲ್ಲ, ನಿಜ. ಆದರೆ ಕೆಲಸ ಹುಡುಕೋ ಜವಾಬ್ದಾರಿಯಲ್ಲಿ ಅರ್ಧ ಸರ್ಕಾರದ್ದು ಅಂತ ಅದು ಒಪ್ಪಿಕೊಂಡಿದೆ.

ನಮ್ಮಲ್ಲಿ ಅದಕ್ಕೆ ಬೇಕಾದ ಕಾನೂನು ಆಗಲೇ ಇದೆ: 1961ರ ಅಪ್ರೆಂಟಿಸ್ ಕಾಯ್ದೆ. 30 ಅಥವಾ ಹೆಚ್ಚು ಸಿಬ್ಬಂದಿ ಇರೋ ಸಂಸ್ಥೆ ತನ್ನ ಬಲದ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನ ತಗೋಬೇಕು. ನಮ್ಮ ಕ್ಲಾಸಲ್ಲಿ ಎಷ್ಟು ಜನಕ್ಕೆ ಇದು ಗೊತ್ತು ಅಂತ ಕೇಳಿದೆ, ಮೂರು ಕೈ ಎದ್ದವು. ಅದರಲ್ಲಿ ಒಂದು ಕೈ ಅಟೆಂಡೆನ್ಸ್ ಅಂದ್ಕೊಂಡು ಎತ್ತಿದ್ದು.

ಸ್ಥಳೀಯರ ಮೀಸಲಾತಿ ವಿಷಯ ಬಿಟ್ರೆ ಕನ್ನಡ ಸಂಘದ ಪತ್ರಿಕೆ ಅನ್ನಿಸಲ್ಲ, ಅದಕ್ಕೇ ಹೇಳ್ತೀನಿ. 1986ರ ಸರೋಜಿನಿ ಮಹಿಷಿ ವರದಿಯಿಂದ ಈ ಮಾತು ನಡೀತಾ ಇದೆ. 2024ರ ಜುಲೈನಲ್ಲಿ ಸಂಪುಟ ಮಸೂದೆಗೆ ಒಪ್ಪಿಗೆ ಕೊಟ್ಟು ಎರಡೇ ದಿನದಲ್ಲಿ ತಡೆಹಿಡೀತು. ಹರಿಯಾಣದ ಶೇ. 75ರ ಕಾಯ್ದೆಯನ್ನ ಅಲ್ಲಿನ ಹೈಕೋರ್ಟ್ 2023ರಲ್ಲಿ ರದ್ದು ಮಾಡಿತ್ತು ಅನ್ನೋದು ಎಲ್ಲರಿಗೂ ಗೊತ್ತಿದ್ದದ್ದೇ. ಜಮೀನು, ನೀರು, ರಿಯಾಯಿತಿ ತಗೊಂಡ ಕಂಪನಿ ಸ್ಥಳೀಯರಿಗೆ ಕೆಲಸ ಕೊಡಲಿ ಅನ್ನೋದು ನ್ಯಾಯ. ಅದನ್ನ ರಿಯಾಯಿತಿಯ ಕರಾರಿನಲ್ಲೇ ಬರೆಸಿ, ವರ್ಷಕ್ಕೊಮ್ಮೆ ಲೆಕ್ಕ ಕೇಳಿದ್ರೆ ಕೋರ್ಟಲ್ಲೂ ನಿಲ್ಲಬಹುದು ಅನ್ಸುತ್ತೆ.

ಇನ್ನು ನಮ್ಮ ಖಾಸಗಿ ಕೆಲಸ. ನಮ್ಮ ಸೀನಿಯರ್ ಒಬ್ಬಳಿಗೆ ಕ್ಯಾಂಪಸ್‌ನಲ್ಲೇ ಆಫರ್ ಬಂತು, ಸ್ವೀಟ್ ಹಂಚಿದಳು. ಕಂಪನಿ ಹೆಸರು ಬೇಡ. ಸೇರೋ ದಿನಾಂಕ ಮುಂದಕ್ಕೆ ಹೋಯ್ತು, ಮತ್ತೆ ಮುಂದಕ್ಕೆ, ಹದಿಮೂರು ತಿಂಗಳಾದ ಮೇಲೆ "ವಿಷಾದಿಸುತ್ತೇವೆ" ಅಂತ ಮೇಲ್. ಅಷ್ಟರಲ್ಲಿ ಅವಳು ಫ್ರೆಶರೂ ಅಲ್ಲ, ಅನುಭವಸ್ಥೆಯೂ ಅಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರ ಕಡ್ಡಾಯ ಮಾಡಿವೆ, ನಿಗದಿತ ಅವಧಿ ನೌಕರರಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ ಕೊಟ್ಟಿವೆ. ಒಳ್ಳೇದು. ಆದರೆ ಇದೆಲ್ಲ ಕೆಲಸಕ್ಕೆ ಸೇರಿದವರಿಗೆ. ಆಫರ್ ಲೆಟರ್‌ನಲ್ಲಿ ಸೇರುವ ದಿನಾಂಕ ಇರಲೇಬೇಕು, ದಾಟಿದ್ರೆ ತಿಂಗಳಿಗೆ ಇಷ್ಟು ಅಂತ ಕಂಪನಿ ಕೊಡಬೇಕು ಅಂತ ನಿಯಮ ಮಾಡೋಕೆ ಏನು ಕಷ್ಟ?

ಸರ್ಕಾರದವರೆಗೂ ಹೋಗೋ ಮುಂಚೆ ನಮ್ಮ ಕೈಲಾಗೋದು ಒಂದಿದೆ. ಕಾಲೇಜಿನ ಗೇಟ್ ಪಕ್ಕದ ಫ್ಲೆಕ್ಸ್‌ನಲ್ಲಿ ಎಷ್ಟು ಆಫರ್ ಬಂದ್ವು ಅಂತಿದೆ. ಎಷ್ಟು ಜನ ಕೆಲಸಕ್ಕೆ ಸೇರಿದ್ರು, ಒಂದು ವರ್ಷ ಆದ ಮೇಲೆ ಎಷ್ಟು ಜನ ಅಲ್ಲೇ ಇದ್ದಾರೆ ಅನ್ನೋ ಎರಡು ಸಾಲು ಕೆಳಗೆ ಸೇರಿಸಿ ಅಂತ ಪ್ಲೇಸ್‌ಮೆಂಟ್ ಸೆಲ್‌ಗೆ ಸಂಘದಿಂದ ಪತ್ರ ಬರೆದಿದ್ದೀವಿ. ಸಹಿ ಹಾಕೋರು ಶುಕ್ರವಾರದೊಳಗೆ ಲೈಬ್ರರಿ ಮುಂದೆ ಸಿಗಿ.