ಮಂಗನ ಕಾಯಿಲೆ: ಲಸಿಕೆಯ ಅಂಕಿ ಹೇಳುವುದೇನು, ಹೇಳದಿರುವುದೇನು?

ಸಾಗರ: ಸಾಗರ, ಹೊಸನಗರ ಹಾಗೂ ತೀರ್ಥಹಳ್ಳಿ ತಾಲ್ಲೂಕುಗಳ ಕಾಡಂಚಿನ ಜನರಿಗೆ ಬೇಸಿಗೆಯೆಂದರೆ ಮಂಗನ ಕಾಯಿಲೆಯ ಆತಂಕ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗಕ್ಕೆ ನೀಡಲಾಗುತ್ತಿದ್ದ ಹಳೆಯ ಲಸಿಕೆ 2022ರ ನಂತರ ಸ್ಥಗಿತಗೊಂಡಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಹೊಸ ಲಸಿಕೆಯ ಸಿದ್ಧತೆಯಲ್ಲಿ ತೊಡಗಿವೆ. ಅದರ ಫಲಿತಾಂಶ ಹೊರಬಿದ್ದಾಗ ಒಂದೇ ಅಂಕಿ ನೋಡಿ ಸಂಭ್ರಮಿಸುವುದಾಗಲಿ, ತಿರಸ್ಕರಿಸುವುದಾಗಲಿ ತರವಲ್ಲ. ಹಳೆಯ ಲಸಿಕೆಯ ಲೆಕ್ಕವೇ ಇದಕ್ಕೆ ಪಾಠ.

2005ರಿಂದ 2010ರವರೆಗಿನ ಮಾಹಿತಿ ಆಧರಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಂತೆ, ಎರಡು ಡೋಸ್ ಪಡೆದವರಲ್ಲಿ ಲಸಿಕೆಯ ಪರಿಣಾಮ ಶೇ. 62.4. ಆದರೆ ಅದರ ವಿಶ್ವಾಸಾರ್ಹ ವ್ಯಾಪ್ತಿ ಶೇ. 26ರಿಂದ 81. ಈ ವ್ಯಾಪ್ತಿಯಲ್ಲಿ ಸೊನ್ನೆ ಇಲ್ಲದ ಕಾರಣ ಫಲಿತಾಂಶವನ್ನು ಬರೀ ಆಕಸ್ಮಿಕ ಎನ್ನಲಾಗದು. ಆದರೆ ರಕ್ಷಣೆ ಎಷ್ಟೆಂಬುದು ಖಚಿತವಿಲ್ಲ. ಬೂಸ್ಟರ್ ಕೂಡ ಪಡೆದವರಲ್ಲಿ ಪರಿಣಾಮ ಶೇ. 82.9; ವ್ಯಾಪ್ತಿ ಶೇ. 71ರಿಂದ 90. ಇಲ್ಲಿ ಅನಿಶ್ಚಿತತೆ ಕಡಿಮೆ.

ಭೌತವಿಜ್ಞಾನಿಗಳ ಅಳತೆಗೋಲು ಇನ್ನೂ ಕಠಿಣ. ಹೊಸ ಶೋಧವೆಂದು ಘೋಷಿಸಲು ಅವರು ‘ಐದು ಸಿಗ್ಮಾ’ ಕೇಳುತ್ತಾರೆ. ಅಂದರೆ, ನಿಜವಾದ ಪರಿಣಾಮವೇ ಇಲ್ಲದಿದ್ದರೂ ಅಂತಹ ಫಲಿತಾಂಶ ಆಕಸ್ಮಿಕವಾಗಿ ಕಾಣಿಸುವ ಸಂಭವ ಸುಮಾರು 35 ಲಕ್ಷಕ್ಕೆ ಒಂದು. ವೈದ್ಯಕೀಯದಲ್ಲಿ ಸಾಮಾನ್ಯವಾಗಿ 100ಕ್ಕೆ ಐದರ ಮಿತಿ ಸಾಕು. ರೋಗಿಗಳ ಸಂಖ್ಯೆ ಕಡಿಮೆ, ಜೀವದ ಪ್ರಶ್ನೆ ದೊಡ್ಡದು, ಅಷ್ಟು ಕಾಯಲಾಗದು.

ಆದರೆ ಐದು ಸಿಗ್ಮಾ ದಾಟಿದರೂ ತಪ್ಪಾಗಬಹುದು. 2011ರಲ್ಲಿ ಯುರೋಪಿನ ‘ಒಪೆರಾ’ ಪ್ರಯೋಗ, ನ್ಯೂಟ್ರಿನೊಗಳು ಬೆಳಕಿಗಿಂತ ಸುಮಾರು 60 ನ್ಯಾನೊಸೆಕೆಂಡ್ ಮುಂಚೆ ತಲುಪಿದವೆಂದು ವರದಿ ಮಾಡಿತು. ಅದರ ಮಹತ್ವ ಸುಮಾರು ಆರು ಸಿಗ್ಮಾ. ಮರುವರ್ಷ ದೋಷ ಬಯಲಾಯಿತು: ಸರಿಯಾಗಿ ಕೂಡಿಸದ ಕೇಬಲ್. ಸಿಗ್ಮಾ ಆಕಸ್ಮಿಕವನ್ನು ಅಳೆಯುತ್ತದೆಯೇ ಹೊರತು ಉಪಕರಣದ ದೋಷವನ್ನಲ್ಲ.

ಮಲೆನಾಡಿನಲ್ಲೂ ಇಂತಹ ‘ಸಡಿಲ ಕೇಬಲ್’ ಇರಬಹುದು. ಸೊಪ್ಪು-ಸೌದೆಗೆ ನಿತ್ಯ ಕಾಡಿಗೆ ಹೋಗುವವರು ಲಸಿಕೆ ತಪ್ಪಿಸಿಕೊಂಡು, ಮನೆಯಲ್ಲಿರುವವರೇ ಹೆಚ್ಚಾಗಿ ಪಡೆದಿದ್ದರೆ, ಉಣುಗು ಕಚ್ಚದ್ದರ ಲಾಭವೂ ಲಸಿಕೆಯ ಖಾತೆಗೇ ಸೇರುತ್ತದೆ.

ಆದ್ದರಿಂದ ಹೊಸ ಲಸಿಕೆಯ ಬಗ್ಗೆ ಕೇಳಬೇಕಾದ ಪ್ರಶ್ನೆ ಮೂರು: ಪರಿಣಾಮ ಎಷ್ಟು, ಅದರ ವ್ಯಾಪ್ತಿ ಎಷ್ಟು, ಹೋಲಿಸಿದ್ದು ಯಾರೊಂದಿಗೆ? ಉತ್ತರ ದೊರೆಯುವವರೆಗೆ ಮೈಗೆ ಉಣುಗು ನಿವಾರಕ ತೈಲ ಹಚ್ಚುವುದು, ಸತ್ತ ಮಂಗದ ಸುದ್ದಿಯನ್ನು ತಕ್ಷಣ ಆರೋಗ್ಯ ಕೇಂದ್ರಕ್ಕೆ ಮುಟ್ಟಿಸುವುದೇ ಮಲೆನಾಡಿಗರ ಕೈಯಲ್ಲಿರುವ ಆಸರೆ.